ಐದು ಮಂದಿಯ ಗಾಡಿ

"ಎಲ್ಲಾರೂ ಹತ್ರಿ. ಒಬ್ರೂ ಕೆಳಗ ನಿಂದರಬ್ಯಾಡ್ರಿ," ಎಂದು ಬಸವಣ್ಣೆಪ್ಪ ಸಾವುಕಾರ ಛತ್ರಿಯ ತುದಿಯಿಂದ ಮೋಟಾರಿನ ಬಾಗಿಲು ತೋರಿಸಿದ. "ಎತ್ತು ಕೊಳ್ಳಬೇಕಾದ್ರ ಗಾಲಿ ಕಟ್ಟಿ, ಹೇರು ಹೇರಿ ಎಳಸಿ ನೋಡ್ತೇವಿಲ್ಲೋ? ಇದೂ ಹಂಗಽ. ಖಾಲಿ ಗಾಡಿ ಯಾರರೆ ಏರಸ್ತಾರ."

ತವಂದಿ ಘಟ್ಟದ ಬುಡದಲ್ಲಿ ಎರಡು ಮೋಟಾರುಗಳು ಒಂದರ ಹಿಂದೊಂದು ನಿಂತಿದ್ದವು. ಮುಂದಿನದು ನಾಲ್ಕು ಸಿಲಿಂಡರಿನದು. ಕಪ್ಪು ಬಣ್ಣ, ಗಿಡ್ಡ ಮೈ. ಹಿಂದಿನದು ಆರು ಸಿಲಿಂಡರಿನದು. ಗಿಳಿ ಹಸಿರು, ಉದ್ದ ಮೂತಿ, ಮೆತ್ತನೆಯ ಸೀಟು. ಕೊಲ್ಲಾಪುರದ ಮೋಟಾರು ಅಂಗಡಿಯ ಏಜೆಂಟ ಅಣ್ಣಪ್ಪ ಬೆಳಿಗ್ಗೆ ಎರಡನ್ನೂ ಹುಕ್ಕೇರಿಗೆ ತಂದು, ಸಾವುಕಾರನ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು, ಕಣಗಲಾ ದಾಟಿ ಘಟ್ಟ ಇಳಿಸಿ ಇಲ್ಲಿ ನಿಲ್ಲಿಸಿದ್ದ. ಈಗ ಒಂದೊಂದನ್ನೇ ಏರಿಸಿ ನೋಡುವುದು, ಯಾವುದು ಗೆದ್ದೀತೋ ಅದನ್ನು ಇಟ್ಟುಕೊಳ್ಳುವುದು. ಬೆಲ್ಲ, ಮೆಣಸಿನಕಾಯಿ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದಿದ್ದ ಬಸವಣ್ಣೆಪ್ಪ ಮುಟ್ಟಿ ನೋಡದೆ, ಮೂಸಿ ನೋಡದೆ ಏನನ್ನೂ ಕೊಂಡವನಲ್ಲ. ಊರಿಗೆಲ್ಲ ಅದು ಗೊತ್ತಿತ್ತು.

ಅವನ ಹಿರಿಯ ಹೆಂಡತಿ ಕಾಶೆವ್ವ ಮಾತ್ರ ಇಳಿಯುವಾಗಲೇ ತನ್ನ ಆಯ್ಕೆ ಮುಗಿಸಿದ್ದಳು. ಅವಳು ಅತ್ತೆಯ ಜೊತೆ ಆರು ಸಿಲಿಂಡರಿನ ಗಾಡಿಯಲ್ಲಿ ಬಂದಿದ್ದಳು. ಸಿಲಿಂಡರು ಎಂದರೆ ಏನೆಂದು ಅವಳಿಗೆ ತಿಳಿಯದು. ಸಾವುಕಾರ ಹೊಸದಾಗಿ ಇಟ್ಟುಕೊಂಡಿದ್ದ ಡ್ರೈವರ್ ಹನಮಂತನನ್ನು ಕೇಳಿದ್ದಕ್ಕೆ ಅವನು, "ನಾಕು ಅಂದ್ರ ನಾಕೆತ್ತಿನ ಗಾಡಿ, ಆರು ಅಂದ್ರ ಆರೆತ್ತಿನ ಗಾಡಿ, ತಿಳಕೋರಿ," ಎಂದಿದ್ದ. ಅವಳಿಗೆ ಎತ್ತಿನ ಲೆಕ್ಕವೂ ಬೇಕಿರಲಿಲ್ಲ. ಅವಳು ಎಣಿಸಿದ್ದು ಕೂರುವ ಜಾಗ. ಮುಂದೆ ಎರಡು, ನಡುವೆ ಮಡಿಚಿ ಬಿಚ್ಚುವಂಥವು ಎರಡು, ಹಿಂದೆ ಮೂರು. ಒಟ್ಟು ಏಳು. ಮನೆಯ ಐದು ಮಂದಿಯ ಮೇಲೆ ಹನಮಂತ ಕೂತರೂ ಒಂದು ಜಾಗ ಮಿಕ್ಕುತ್ತಿತ್ತು.

ಬರುವ ಸೋಮವಾರ ಮೂಡಲಗಿಯಲ್ಲಿ ಮನೆಯ ಮಗ ಮುರಿಗೆಪ್ಪನ ನಿಶ್ಚಯ ಇತ್ತು. ಗಂಡಿನ ತಾಯಿ ಹೆಣ್ಣಿನ ಉಡಿ ತುಂಬಬೇಕು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಕುಬಸದ ಕಣ, ಎಲ್ಲವನ್ನೂ ಕಾಶೆವ್ವ ತಾನೇ ಆರಿಸಿ ಇಟ್ಟಿದ್ದಳು. ಉಡಿ ತುಂಬಿದವಳೇ ತಾಯಿ ಎಂದು ಮೂಡಲಗಿಯ ಮಂದಿ ಎದುರಿಗೆ ಒಮ್ಮೆ ಆಗಿಬಿಟ್ಟರೆ ಮುಂದೆ ಯಾರೂ ಅದನ್ನು ಅಳಿಸಲಾರರು. ಆ ಒಂದು ಗಳಿಗೆಗಾಗಿ ಅವಳು ಹತ್ತೊಂಬತ್ತು ವರ್ಷ ಕಾದಿದ್ದಳು.

ಮುರಿಗೆಪ್ಪ ಅವಳು ಹಡೆದ ಮಗನಲ್ಲ. ಮದುವೆಯಾಗಿ ಎಂಟು ವರ್ಷ ಮಕ್ಕಳಾಗದಿದ್ದಾಗ ಅವಳೇ ಗೋಕಾಕಿನ ತವರಿಗೆ ಹೋಗಿ, ಕಾಕಾನ ಮಗಳು ತಾಯವ್ವನನ್ನು ಕರೆತಂದು ಗಂಡನಿಗೆ ಕಟ್ಟಿಸಿದ್ದಳು. ಮೊದಲ ಕೂಸು ತನ್ನ ಮಡಿಲಿಗೆ ಎಂದು ಆಗಲೇ ಮಾತು ತೆಗೆದುಕೊಂಡಿದ್ದಳು. ಬಾಣಂತನ ಮುಗಿದ ದಿನವೇ ಕೂಸು ಅವಳ ಕೋಣೆಗೆ ಬಂತು. ಹಾಲು ಕುಡಿಸಲು ಮಾತ್ರ ಹಡೆದವಳ ಹತ್ತಿರ ಹೋಗುತ್ತಿತ್ತು, ಕುಡಿದಾದ ಕೂಡಲೇ ವಾಪಸು. ಮಾತು ಬಂದಾಗ ತನ್ನನ್ನು 'ಅವ್ವಾ' ಎನ್ನಲು ಕಲಿಸಿದಳು, ತಾಯವ್ವನನ್ನು 'ಚಿಗವ್ವಾ' ಎನ್ನಲು ಕಲಿಸಿದಳು. ಮುಂದೆ ತಾಯವ್ವನಿಗೆ ಹುಟ್ಟಿದ ಎರಡೂ ಉಳಿಯಲಿಲ್ಲ. ಆಗಲೂ ಕಾಶೆವ್ವನ ಮನಸ್ಸು ಕರಗಲಿಲ್ಲ. ಗಂಡನನ್ನೇ ಹಂಚಿ ಕೊಟ್ಟವಳು ತಾನು, ಒಂದು ಕೂಸು ಇಟ್ಟುಕೊಂಡರೆ ಏನು ತಪ್ಪು ಎಂಬುದು ಅವಳ ನ್ಯಾಯ. ಆ ನ್ಯಾಯದಲ್ಲಿ ಅವಳು ಹಾಯಾಗಿ ನಿದ್ದೆ ಮಾಡಿದ್ದಳು.

ಮೊದಲು ನಾಲ್ಕು ಸಿಲಿಂಡರಿನ ಗಾಡಿ. ಹನಮಂತ ಮತ್ತು ಸಾವುಕಾರ ಮುಂದೆ ಕೂತರು. ಹಿಂದೆ ಸಾವುಕಾರನ ಮುದುಕಿ ತಾಯಿ ಯಮನವ್ವ, ಅವಳ ಬದಿಗೆ ತಾಯವ್ವ, ಮುರಿಗೆಪ್ಪ, ಕೊನೆಗೆ ಕಾಶೆವ್ವ. ಕೊನೆಯವಳಿಗೆ ಬಾಗಿಲು ಹಾಕಿಕೊಳ್ಳಲು ಎರಡು ಸಲ ಎಳೆಯಬೇಕಾಯಿತು.

"ಇದು ಐದ ಮಂದಿ ಗಾಡಿ ರೀ," ಎಂದ ಅಣ್ಣಪ್ಪ. "ಆರ ಮಂದಿ ಆದ್ರ ಘಟ್ಟದಾಗ ತೇಕತೈತಿ. ನಾ ಮೊದಲಽ ಹೇಳೇನಿ."

"ತೇಕಲಿ ತಗೋ," ಎಂದ ಸಾವುಕಾರ.

ಮೊದಲ ತಿರುವು ಸರಾಗವಾಗಿ ಹೋಯಿತು. ಎರಡನೆಯದರಲ್ಲಿ ಗಾಡಿ ಗುರುಗುಟ್ಟಿತು. ಮೂರನೆಯ ತಿರುವಿನಲ್ಲಿ ಮೂತಿಯಿಂದ ಹಬೆ ಎದ್ದು, ಒಳಗೆ ಸುಟ್ಟ ವಾಸನೆ ತುಂಬಿ, ಗಾಡಿ ನಿಂತೇಬಿಟ್ಟಿತು. ನಿಂತದ್ದಷ್ಟೇ ಅಲ್ಲ, ಒಂದು ಮಾರು ಹಿಂದಕ್ಕೂ ಜಾರಿತು. ಯಮನವ್ವ ಕೊರಳ ಲಿಂಗ ಹಿಡಿದುಕೊಂಡಳು. ಹನಮಂತ ಬ್ರೇಕು ಎಳೆದು, ಸಾವುಕಾರನ ಮುಖ ನೋಡಿದ.

ಸಾವುಕಾರ ಹಿಂದೆ ತಿರುಗಲಿಲ್ಲ. ಗಾಜಿನಾಚೆಯ ರಸ್ತೆ ನೋಡುತ್ತಲೇ, "ಒಬ್ರು ಇಳೀಬೇಕ ನೋಡ್ರಿ. ಮುರಿಗಿ, ಯಾರು ಇಳೀಬೇಕು ಹೇಳು," ಎಂದ.

ಕಾಶೆವ್ವನಿಗೆ ಇದರಲ್ಲಿ ಕೇಳುವುದೇನಿದೆ ಎನಿಸಿತು. ತಾಯವ್ವನಿಗೆ ದಾಟಿ ಹೋಗಲು ದಾರಿಯಾಗಲಿ ಎಂದು ತನ್ನ ಮೊಣಕಾಲು ಒಂದು ಕಡೆ ತಿರುಗಿಸಿಕೊಂಡಳು ಕೂಡ.

"ದೊಡ್ಡವ್ವಾ, ನೀ ಇಳಿ," ಎಂದ ಮುರಿಗೆಪ್ಪ.

ಯಾರನ್ನು ಕರೆದನೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಆ ಮನೆಯಲ್ಲಿ ಆ ಹೆಸರಿನಿಂದ ಯಾರನ್ನೂ ಯಾರೂ ಕರೆದದ್ದಿರಲಿಲ್ಲ. ಅವಳು ಅವನ ಮುಖ ನೋಡಿದಳು. ಅವನು ತನ್ನ ಅಂಗಿಯ ತೋಳಿನ ಗುಂಡಿ ನೋಡುತ್ತಿದ್ದ. "ಬಾಗಲಾ ನಿನ್ನ ಬಾಜೂಕಽ ಐತಲ್ಲ," ಎಂದು ಸೇರಿಸಿದ.

ಅವಳು ಇಳಿದಳು. ಇಳಿಯುವಾಗ ಸೆರಗು ಬಾಗಿಲಿಗೆ ಸಿಕ್ಕಿತು. ತಾಯವ್ವ ಮುರಿಗೆಪ್ಪನ ಮೇಲಿಂದ ಕೈ ಚಾಚಿ ಅದನ್ನು ಬಿಡಿಸಿ ಹೊರಗೆ ಹಾಕಿ, ಬಾಗಿಲು ಎಳೆದುಕೊಂಡಳು. ಅದು ಒಂದೇ ಸಲಕ್ಕೆ ಮುಚ್ಚಿಕೊಂಡಿತು. ಹನಮಂತ ಮೂತಿಗೆ ನೀರು ಹಾಕಿ ಕೂತ. ಗಾಡಿ ಒಮ್ಮೆ ಕೆಮ್ಮಿ, ಮೂರನೆಯ ತಿರುವು ಏರಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಹಾರ್ನಿನ ಸದ್ದು ಕೇಳಿಸಿತು. ಮುರಿಗೆಪ್ಪನೇ ಒತ್ತುತ್ತಿದ್ದಿರಬೇಕು, ಒಂದಲ್ಲ ಎರಡಲ್ಲ, ನಾಲ್ಕು ಸಲ.

ಸಾವುಕಾರನ ಹಿರಿಯ ಹೆಂಡತಿ ಹಾಡುಹಗಲು ಘಟ್ಟದ ರಸ್ತೆಯಲ್ಲಿ ಒಬ್ಬಳೇ ನಡೆಯುತ್ತಿದ್ದಳು. ಎದುರಿಗೆ ಬಂದ ಹೊಗೆಸೊಪ್ಪಿನ ಚಕ್ಕಡಿಯವನು ಎತ್ತು ನಿಲ್ಲಿಸಿ, ಏನು ಕೇಳಬೇಕೋ ತಿಳಿಯದೆ, ಮತ್ತೆ ಹೊಡೆದುಕೊಂಡು ಹೋದ. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹತ್ತು ಹೆಜ್ಜೆ ನಡೆಯುವುದರೊಳಗೆ ಆ ಸಿಟ್ಟಿಗೂ ಒಂದು ಸಮಾಧಾನ ಸಿಕ್ಕಿತು. ಗಾಡಿ ಸೋತಿತಲ್ಲ. ಹೇರು ಇಳಿಸಿದ ಮೇಲೆ ಎಳೆಯುವ ಎತ್ತನ್ನು ತನ್ನ ಗಂಡ ಯಾವತ್ತಾದರೂ ಕೊಂಡದ್ದುಂಟೇ? ಚಿಂಚಲಿ ಜಾತ್ರೆಯಲ್ಲಿ ಅಂಥ ಎಷ್ಟು ಎತ್ತುಗಳ ಬೆನ್ನು ತಟ್ಟಿ ವಾಪಸು ಕಳಿಸಿಲ್ಲ ಅವನು? ಇನ್ನು ಆರು ಸಿಲಿಂಡರಿನದೇ ಗತಿ. ಸೋಮವಾರ ಅದರ ಹಿಂದಿನ ಸೀಟಿನ ನಡುವೆ ತಾನು ಕೂರುತ್ತೇನೆ. ಹುಡುಗ ಅಂದ ಮಾತನ್ನು ಮನೆಗೆ ಹೋಗಿ ವಿಚಾರಿಸಿಕೊಂಡರಾಯಿತು ಎಂದುಕೊಂಡು ಅವಳು ಬಿರಬಿರನೆ ನಡೆದಳು.

ಹಿಂದಿನಿಂದ ಹಸಿರು ಗಾಡಿ ಬಂದು ನಿಂತಿತು. ಅಣ್ಣಪ್ಪ ತಾನೇ ಇಳಿದು ಹಿಂದಿನ ಬಾಗಿಲು ತೆರೆದ. "ಏನ್ರಿ ಅಮ್ಮಾರ, ನಡಕೋತ ಹೊಂಟೀರಿ? ಬರ್ರಿ, ಕುಂಡ್ರಿ."

ಗಾಡಿ ಮೂರನೆಯ ತಿರುವನ್ನು ತಿರುವೆಂದೇ ಲೆಕ್ಕಿಸಲಿಲ್ಲ. ಒಳಗೆ ಸದ್ದೇ ಇಲ್ಲ. ಕಾಶೆವ್ವನಿಗೆ ಹಿಗ್ಗಾಯಿತು.

"ಇದನ್ನಽ ತಗೋತಾರ ತಗೋ ನಮ್ಮವರು," ಎಂದಳು. "ಅದು ನಡದಾರ್ಯಾಗ ಕುಂತುಬಿಡ್ತು."

ಅಣ್ಣಪ್ಪ ನಕ್ಕ. ದೊಡ್ಡ ಮಾರಾಟ ಕೈತಪ್ಪಿದವನ ನಗೆ ಅದು. "ಎಲ್ಲೀದ್ರಿ ಅಮ್ಮಾರ. ಆ ಕರೇ ಗಾಡಿ ಸಾವುಕಾರ್ರ ಹೆಸರಿಲೆ ಆಗಿ ಹದಿನೈದ ದಿನಾ ಆತು. ಕೊಲ್ಲಾಪುರಕ್ಕ ಬಂದಾಗಽ ಕಾಗದಕ್ಕ ಸಹಿ ಹಾಕಿ ಹೋಗ್ಯಾರ."

"ಮತ್ತ ಇವತ್ತ ನೋಡಾಕ ಬಂದಿದ್ದು?"

"ಅದಽ ನನಗೂ ತಿಳೀವಲ್ತು ರೀ. ಎಷ್ಟ ಮಂದಿ ಕುಂಡ್ರೂದು ಅಂತ ಅವತ್ತ ಕೇಳಿದ್ನಿ. ಡ್ರೈವರನ್ನ ಹಿಡದು ಐದು ಅಂದ್ರು. ಐದಕ್ಕ ನಾಕರದ್ದು ಸಾಕ್ರಿ ಅಂತ ನಾನಽ ಹೇಳಿದ್ನಿ. ಆದ್ರೂ ಎರಡೂ ಗಾಡಿ ತಗೊಂಡ ಬಾ, ಘಟ್ಟಾ ಏರಸೂನು, ಮನ್ಯಾಗಿನವ್ರು ನೋಡ್ಲಿ ಅಂದ್ರು. ಇವತ್ತ ಎಣಿಸಿದ್ರ ಆರ ಮಂದಿ ಇದ್ರಿ. ಹಂಗಾದ್ರ ಇದನ್ನಽ ತಗೊಂಡಾರು ಅಂತ ನಾನೂ ಸುಳ್ಳಽ ಆಸೆ ಪಟ್ಟೆ."

ಕಾಶೆವ್ವ ದಿನಗಳನ್ನು ಹಿಂದಕ್ಕೆ ಎಣಿಸಿದಳು. ಹದಿನೈದು ದಿನದ ಹಿಂದೆ ಮೂಡಲಗಿಯವರು ಮನೆ ನೋಡಲು ಬಂದು ಒಂದು ರಾತ್ರಿ ಉಳಿದಿದ್ದರು. ಊಟದ ಪಂಕ್ತಿಯಲ್ಲಿ ಹುಡುಗಿಯ ಅಜ್ಜಿ ಚನ್ನವ್ವ, "ಹುಡುಗನ್ನ ಹಡೆದವ್ರು ಯಾರ್ರಿ?" ಎಂದು ಕೇಳಿದ್ದಳು. ತುಪ್ಪ ಬಡಿಸುತ್ತಿದ್ದ ಕಾಶೆವ್ವ, "ನಾನಽ ರೀ," ಎಂದುಬಿಟ್ಟಿದ್ದಳು. ಬಾಯಿಂದ ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಹೋಳಿಗೆಯ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ ತಾಯವ್ವ ಬುಟ್ಟಿಯನ್ನು ನೆಲಕ್ಕಿಟ್ಟು ಹಿತ್ತಲಿಗೆ ಹೋದಳು. ಅವಳ ಹಿಂದೆಯೇ ಮುರಿಗೆಪ್ಪ ಎಲೆ ಬಿಟ್ಟು ಎದ್ದು ಹೋದ. ಹೊಟ್ಟೆ ತುಂಬಿರಬೇಕು ಎಂದುಕೊಂಡಿದ್ದಳು ಕಾಶೆವ್ವ.

ಮರುದಿನ ಬೆಳಿಗ್ಗೆ ಚನ್ನವ್ವ ಹೊರಡುವ ಮುಂಚೆ ಪಡಸಾಲೆಯಲ್ಲಿ ಸಾವುಕಾರನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದ್ದಳು. ರಾತ್ರಿಯೇ ಅವಳಿಗೆ ನಿಜ ಗೊತ್ತಾಗಿ, ಹಡೆಯದ ಕೈಯಿಂದ ತಮ್ಮ ಹುಡುಗಿಯ ಉಡಿ ತುಂಬಿಸಿಕೊಳ್ಳುವುದಿಲ್ಲ ಎಂದೇ ಹೇಳಿರಬೇಕು, ಇನ್ನೇನು ಹೇಳಿರುತ್ತಾಳೆ? ಬಂಗಾರದ ಮಾತು ನಡೆದಿದೆ ಎಂದು ಕಾಶೆವ್ವ ಒಳಗಿನಿಂದ ಎರಡೆರಡು ಸಲ ಚಹಾ ಕಳಿಸಿದ್ದಳು. ಅವತ್ತು ಮಧ್ಯಾಹ್ನವೇ ಗಂಡ ಕೊಲ್ಲಾಪುರಕ್ಕೆ ಹೋದ. ಹೆಂಡತಿಗೆ 'ನೀ ಬರಬ್ಯಾಡ' ಎಂಬ ಒಂದು ಮಾತು ಹೇಳಲಾರದೆ ಆ ಗಂಡಸು ಒಂದು ಮೋಟಾರನ್ನೇ ಕೊಂಡು ಬಂದಿದ್ದ. ಆ ಮಾತನ್ನು ಅವನ ಪರವಾಗಿ ಗಾಡಿಯೇ ಹೇಳಲಿ ಎಂದು ಮನೆಮಂದಿಯನ್ನೆಲ್ಲ ಹೇರಿ ಘಟ್ಟಕ್ಕೆ ತಂದಿದ್ದ.

ಘಟ್ಟದ ನೆತ್ತಿಯಲ್ಲಿ ಕಪ್ಪು ಗಾಡಿಯ ಚಕ್ರದ ಮುಂದೆ ಆಗಲೇ ತೆಂಗಿನಕಾಯಿ ಒಡೆದಿತ್ತು. ಕಾಯಿ ಮನೆಯಿಂದಲೇ ಬಂದಿತ್ತೆಂದು ಕಾಶೆವ್ವನಿಗೆ ಈಗ ತಿಳಿಯಿತು. ಸಾವುಕಾರ ಕೊಬ್ಬರಿಯ ಚೂರು ಹಿಡಿದು ಅವಳ ಕಿಟಕಿಯ ಹತ್ತಿರ ಬಂದ.

"ಹೆಂಗೈತಿ? ಏರಿತಿಲ್ಲೋ?"

"ನಾ ಇಳದ ಮ್ಯಾಲ ಏರಿತ್ರಿ," ಎಂದಳು ಅವಳು. "ಇದು ಹಂಗಽ ಏರಿತು. ಇದರಾಗ ಏಳ ಮಂದಿ ಹಿಡೀತಾರ."

"ನಮ್ಮ ಮನ್ಯಾಗ ಏಳ ಮಂದಿ ಎಲ್ಲಿದಾರ."

"ಡ್ರೈವರನ್ನ ಹಿಡದು ಆರ ಮಂದಿ ಅದೀವಲ್ರಿ."

ಸಾವುಕಾರ ಅತ್ತ ತಿರುಗಿ, "ಹನಮಂತಾ, ನೀರು ಹಾಕಿದಿ?" ಎಂದು ಕೇಳಿದ. ಹಾಕಿ ಆಗಿತ್ತು, ಸಾವುಕಾರನೇ ನೋಡಿದ್ದ.

"ಮುರಿಗೀ," ಎಂದು ಕಾಶೆವ್ವ ಕರೆದಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. ತಾನು ಬೇಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಕರೆದಳು. "ಸೋಮಾರ ನಾ ಬರ್ತೇನಪಾ. ಉಡಿ ತುಂಬೂದಿಲ್ಲ. ಸುಮ್ನ ಹಿಂದ ಕುಂತಿರ್ತೇನಿ."

ಮುರಿಗೆಪ್ಪ ಗಾಡಿಯ ದೀಪವನ್ನು ಕರವಸ್ತ್ರದಿಂದ ಒರೆಸುತ್ತಿದ್ದ. "ಜಾಗ ಎಲ್ಲೈತಿ ದೊಡ್ಡವ್ವಾ? ಮನ್ಯಾಗೂ ಒಬ್ರು ಇರಬೇಕಲ್ಲ," ಎಂದ. ಆ ಕರೆ ಎರಡನೇ ಸಲಕ್ಕೆ ಅವನ ನಾಲಗೆಯಲ್ಲಿ ಪಳಗಿಬಿಟ್ಟಿತ್ತು.

ಕಪ್ಪು ಗಾಡಿ ಹತ್ತುವ ಮುಂಚೆ ತಾಯವ್ವ ಇತ್ತ ಬಂದಳು. ಕಿಟಕಿಯ ಅಂಚಿನ ಮೇಲೆ ಕೈಯಿಟ್ಟು, "ಅಕ್ಕಾ, ನನ್ನ ಹತ್ರ ಛಲೋ ಸೀರಿ ಒಂದೂ ಇಲ್ಲ. ಸೋಮಾರ ಉಟ್ಟಗೊಳ್ಳಾಕ ನಿನ್ನ ಹೊಸಾ ಇಳಕಲ್ಲ ಸೀರಿ ಕೊಡ್ತಿ?" ಎಂದು ಕೇಳಿದಳು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಕೇಳಿದ ಮೊದಲ ವಸ್ತು ಅದು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಕಾಶೆವ್ವನಿಗೆ ಒಂದು ಜಗಳವಾದರೂ ದಕ್ಕುತ್ತಿತ್ತು.

"ತಗೋ," ಎಂದಳು ಕಾಶೆವ್ವ. "ಪೆಟ್ಟಿಗ್ಯಾಗ ಮ್ಯಾಲಽ ಐತಿ. ತಗದ ಇಟ್ಟೇನಿ."

ಕಪ್ಪು ಗಾಡಿ ಐವರನ್ನು ಕೂರಿಸಿಕೊಂಡು ಹೊರಟಿತು. ಸಾವುಕಾರ ಕಿಟಕಿಯಿಂದ ಕೈ ಹೊರಹಾಕಿ, ಹಸಿರು ಗಾಡಿ ಹಿಂದೆಯೇ ಬರಲಿ, ಊಟ ಮುಗಿಸಿಕೊಂಡು ಹೋಗಲಿ ಎಂದು ಏಜೆಂಟನಿಗೆ ಸನ್ನೆ ಮಾಡಿದ.

"ಆರಾಮ ಕುಂಡ್ರಿ ಅಮ್ಮಾರ," ಎಂದ ಅಣ್ಣಪ್ಪ. "ಹುಕ್ಕೇರಿ ಮುಟ್ಟೂತನಾ ಇಡೀ ಗಾಡಿ ನಿಮ್ಮದಽ."

ಕಾಶೆವ್ವ ಹೂಂ ಎಂದಳು. ಮುಂದಿನ ಗಾಡಿಯ ಧೂಳು ಗಾಜಿಗೆ ಬಡಿಯತೊಡಗಿತು. ಅವಳು ಸೆರಗು ಒಟ್ಟು ಮಾಡಿ ಹಿಡಿದು, ಕಾಲು ಮುದುರಿ, ಖಾಲಿ ಸೀಟಿನಲ್ಲಿ ಇನ್ನಷ್ಟು ಬದಿಗೆ ಸರಿದು ಕೂತಳು. ಪಕ್ಕದಲ್ಲಿ ಇನ್ನಿಬ್ಬರು ಕೂರುವಷ್ಟು ಜಾಗವಾಯಿತು.