ನನ್ನ ಬಾಲ ತುಂಬಿದ ಬಗೆ

ನಾನು ಒಂದು ಹಲ್ಲಿ. ನಿಮ್ಮ ಗೋಡೆಯ ಮೇಲೆ ಓಡಾಡಿ ಲೊಚಗುಟ್ಟುವ ಜಾತಿಯಲ್ಲ, ನೆಲದ ಹಲ್ಲಿ. ಮೈತುಂಬ ಚಿರತೆಯ ಹಾಗೆ ಚುಕ್ಕೆಗಳಿರುವುದರಿಂದ ಲೆಪರ್ಡ್ ಗೆಕ್ಕೋ ಎನ್ನುತ್ತಾರೆ. ನನಗೆ ಗೋಡೆ ಹತ್ತಲು ಬಾರದು, ಶಕುನ ಹೇಳಲಂತೂ ಬಾರದೇ ಬಾರದು. ನನ್ನ ಆಸ್ತಿಯೆಂದರೆ ಬಾಲ. ಉಂಡದ್ದರಲ್ಲಿ ಮಿಕ್ಕಿದ್ದನ್ನು ಕೊಬ್ಬು ಮಾಡಿ ಅಲ್ಲಿಟ್ಟುಕೊಳ್ಳುತ್ತೇನೆ. ಬಾಲ ದಪ್ಪಗಿದ್ದರೆ ನಾನು ಸುಖವಾಗಿದ್ದೇನೆ ಎಂದು ತಿಳಿಯಬೇಕು.

ಹುಬ್ಬಳ್ಳಿಯಲ್ಲಿ ಹವ್ಯಾಸಕ್ಕೆ ಹಲ್ಲಿ ಸಾಕುವವರೊಬ್ಬರ ಮನೆಯಲ್ಲಿ, ಬೆಚ್ಚಗಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಮೊಟ್ಟೆಯೊಡೆದು ಹೊರಬಂದೆ. ಆಗ ನನ್ನ ತೂಕ ಮೂರೇ ಗ್ರಾಂ. ಅಲ್ಲಿಂದ ಬಣ್ಣದ ಮೀನಿನ ಅಂಗಡಿಗೆ ಹೋದೆ, ಅಂಗಡಿಯಿಂದ ಧಾರವಾಡದ ಹಾಸ್ಟೆಲಿಗೆ ಬಂದೆ. ಅಲ್ಲಿ ನನ್ನ ಒಡೆಯ ವಿಲಾಸ. ಗೆಳೆಯರು ಬಂದಾಗಲೆಲ್ಲ ನನ್ನ ಡಬ್ಬಿ ತೆರೆದು, "ಬರ್ರಲೇ, ಚಿರತಿ ಸಾಕೀನಿ ನೋಡ್ರಿ!" ಎನ್ನುತ್ತಿದ್ದ. ತೋರಿಸುವುದರಲ್ಲಿ ಇದ್ದ ಉತ್ಸಾಹ ತಿನ್ನಿಸುವುದರಲ್ಲಿ ಇರಲಿಲ್ಲ. ಕೊನೆಯ ಪರೀಕ್ಷೆ ಮುಗಿದ ದಿನ ನನ್ನನ್ನು ಹಾಸ್ಟೆಲಿನ ಹಿಂದಿನ ಬೇಲಿಯಲ್ಲಿ ಬಿಟ್ಟು ಊರಿಗೆ ಹೊರಡುತ್ತೇನೆಂದು ಕಾಲೇಜಿನ ಗೇಟಿನಲ್ಲಿ ನಿಂತು ಹೇಳಿದ.

ಅದನ್ನು ಕೇಳಿಸಿಕೊಂಡವಳು ಸುವ್ರತಾ. ಮೂರು ವರ್ಷ ಒಂದೇ ಕ್ಲಾಸಿನಲ್ಲಿದ್ದರೂ ಅವನೊಡನೆ ಮೂರು ಮಾತಾಡಿದವಳಲ್ಲ.

"ಅದು ಸಾಯ್ತದ," ಎಂದಳು.

"ಅಯ್ಯ, ನಿನಗೂ ಬಾಯಿ ಅದ ಏನು! ಹಂಗಾರ ನೀನ ಒಯ್ಯಿ," ಎಂದು ಡಬ್ಬಿಯನ್ನು ಅವಳ ಕೈಗಿಟ್ಟ.

ಸುವ್ರತಾ ಓದಿಗೆಂದು ಧಾರವಾಡಕ್ಕೆ ಬಂದು, ತಾನು ಆಯಿ ಎಂದು ಕರೆಯುವ, ತಂದೆಯ ತಾಯಿ ಜಿನ್ನವ್ವನ ಜೊತೆ ಇದ್ದವಳು. ಜೈನರ ಮನೆ. ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ, ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುತ್ತಾರೆ. ಅಂಥ ಮನೆಗೆ ಸೂರ್ಯ ಮುಳುಗಿದ ಮೇಲೆಯೇ ಎದ್ದು, ಜೀವಂತ ಹುಳುವನ್ನೇ ತಿನ್ನುವ ನಾನು ಹೋದೆ.

"ಸಾಯಾಕ ಬಿಟ್ಟವರ ಕೈಯಿಂದ ತಂದೀಯಲ್ಲ, ಚಲೋ ಮಾಡಿದಿ," ಎಂದಳು ಆಯಿ. "ಏನು ತಿಂತೈತಿ ಇದು?"

ಸುವ್ರತಾ ಹೇಳಿದಳು. ಆಯಿ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿಟ್ಟಳು.

ಆಗ ನನ್ನ ತೂಕ ನಾಲ್ವತ್ನಾಲ್ಕು ಗ್ರಾಂ. ನನ್ನ ಮೈಕಟ್ಟಿಗೆ ಐವತ್ತೆಂಟಾದರೂ ಇರಬೇಕಿತ್ತು. ಸುವ್ರತಾ ಪುಟ್ಟ ತೂಕದ ಯಂತ್ರ ತಂದಳು, ಗಾಜಿನ ಮನೆ ಮಾಡಿ ಅಡಗಲು ಪುಟ್ಟ ಗುಹೆ ಇಟ್ಟಳು, ನನ್ನ ಹೊಟ್ಟೆಯ ಕೆಳಗೆ ಬೆಚ್ಚಗಿನ ಹಾಸು ಹಾಕಿದಳು, ಬೂಸಾ ತುಂಬಿದ ಡಬ್ಬಿಯಲ್ಲಿ ಹುಳುಗಳನ್ನು ಸಾಕಿದಳು. ಚುಕ್ಕಿ ಎಂದು ಹೆಸರಿಟ್ಟಳು. ದಿನವೂ ಹೊತ್ತು ಮುಳುಗುವಾಗ ಎಂಟು ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ, ಬಟ್ಟಲಲ್ಲಿ ಹಾಕಿಟ್ಟು, ಹಿಂದಿರುಗಿ ನೋಡದೆ ಮಾಳಿಗೆ ಹತ್ತಿ ಡೈರಿ ಬರೆಯುತ್ತ ಕೂರುತ್ತಿದ್ದಳು. ತಾನು ಇಟ್ಟ ಜೀವ ಸಾಯುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ಅವಳ ಹೆಜ್ಜೆ ಮಾಳಿಗೆ ಸೇರುವುದೇ ತಡ, ಆಯಿ ಬರುತ್ತಿದ್ದಳು. ಕೈಯಲ್ಲಿ ಹಿತ್ತಾಳೆ ಚಮಚ. ನಾನು ಗುಹೆಯಿಂದ ತಲೆ ಹೊರಹಾಕುವಷ್ಟರಲ್ಲಿ ಹುಳುಗಳನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. "ಹೋಗ್ರೆಪಾ, ನಿಮ್ಮ ದಾರಿ ನೀವು ಹಿಡೀರಿ," ಎಂದು ದಾಸವಾಳದ ಕುಂಡದಲ್ಲಿ ಬಿಟ್ಟು ಬಂದು, ನನ್ನ ಮುಂದೆ ನೆನೆಸಿದ ಹೆಸರುಬೇಳೆ ಇಡುತ್ತಿದ್ದಳು.

"ತಿನ್ನ ನನ್ನ ಕೂಸ. ರೂಢಿ ಆಗ್ತೈತಿ."

ನಾನು ಬೇಳೆಯನ್ನು ಮೂಸಿ ಹಿಂದೆ ಸರಿಯುತ್ತಿದ್ದೆ. ಸ್ವಲ್ಪ ಹೊತ್ತು ಕಾದು, ನಿಟ್ಟುಸಿರು ಬಿಟ್ಟು, ಅದನ್ನೂ ತೆಗೆದುಕೊಂಡು ಹೋಗುತ್ತಿದ್ದಳು. ಅವಳು ಬರುವುದು ತಡವಾದ ದಿನ ನನಗೆ ಒಂದೋ ಎರಡೋ ಹುಳು ದಕ್ಕುತ್ತಿತ್ತು. ಉಳಿದ ದಿನ ಉಪವಾಸ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಮೆತ್ತಗೆ ಯಾರೂ ನನ್ನೊಡನೆ ಮಾತಾಡಿರಲಿಲ್ಲ.

ಸುವ್ರತಾ ಕೆಳಗೆ ಬಂದು ಖಾಲಿ ಬಟ್ಟಲು ನೋಡಿ ಹಿಗ್ಗುತ್ತಿದ್ದಳು. "ಎಂಟೂ ಖಾಲಿ! ಭಾರೀ ಹೊಟ್ಟಿಬಾಕಿ ಇದ್ದೀ ನೀನು." ಭಾನುವಾರ ನನ್ನನ್ನು ಯಂತ್ರದ ಮೇಲಿಟ್ಟಾಗ ಆ ಹಿಗ್ಗು ಇಳಿದುಹೋಗುತ್ತಿತ್ತು. ನಾಲ್ವತ್ತೆರಡು. ನಾಲ್ವತ್ತು. ಮೂವತ್ತೇಳು. ಬಾಲ ಒಣಗಿದ ಬೀನ್ಸಿನಂತಾಯಿತು. ಒಂದು ಸಂಜೆ ಗುಹೆಯಿಂದ ಹೊರಬರಲೂ ಕಾಲಲ್ಲಿ ಕಸುವಿರಲಿಲ್ಲ.

ಮರುದಿನ ಪ್ರಾಣಿವೈದ್ಯೆ ಶಕೀಲಾ ನನ್ನನ್ನು ಅಂಗೈಮೇಲೆ ಮಲಗಿಸಿಕೊಂಡು ಕೇಳಿದರು: "ಮಲ ಹಾಕ್ತದೇನು?"

"ಇಲ್ಲರೀ, ಬಾಳ ಕಮ್ಮಿ."

"ದಿನಾ ಎಂಟು ತಿಂದು ಎಲ್ಲಿ ಇಟ್ಕೋತದ? ಇದು ತಿಂದಿಲ್ಲ, ತಂಗಿ. ತಿನ್ನೂದನ್ನ ನೀನು ಕಣ್ಣಾರೆ ನೋಡೀಯೇನು?"

ಸುವ್ರತಾ ತಲೆ ತಗ್ಗಿಸಿದಳು.

"ಇನ್ನೊಂದು ಹದಿನೈದು ದಿನ ಹಿಂಗ ಆದ್ರ ಉಳಿಯೂದಿಲ್ಲ. ಇವತ್ತ ಮುಂದ ಕೂತು ನೋಡು. ಗಾಳಿ ತಿಂದು ಬದುಕೋ ಹಲ್ಲಿ ನಾ ಇನ್ನೂ ನೋಡಿಲ್ಲ."

ಆ ಸಂಜೆ ಅವಳು ಬಟ್ಟಲಿಟ್ಟು, ಮಾಳಿಗೆ ಹತ್ತದೆ, ಬಾಗಿಲ ಹಿಂದಿನ ಮೂಲೆಯಲ್ಲಿ ಕುಳಿತಳು. ಚಮಚ ಹಿಡಿದು ಬಂದ ಆಯಿ ಮೂರು ಹುಳು ಎತ್ತಿದ ಮೇಲೆ ಅವಳನ್ನು ಕಂಡಳು.

ಸೆರಗಿನಲ್ಲಿ ಹುಳು ಹೊರಳುತ್ತಿದ್ದವು.

"ದಿನಾ ಎಂಟು ಜೀವ ಉಳಿಸೀನಿ ಅಂತ ತಿಳ್ಕೊಂಡಿದ್ದೆ," ಎಂದಳು ಆಯಿ.

ಸುವ್ರತಾ ಎದ್ದು ಬಂದಳು. ನನ್ನನ್ನು ಎತ್ತಿ ಆಯಿಯ ಅಂಗೈಯಲ್ಲಿಟ್ಟಳು. ಮುದಿ ಬೆರಳು ನನ್ನ ಬೆನ್ನಮೇಲೆ ಹರಿದು, ಸೊಂಟದ ಎಲುಬಿಗೆ ತಾಗಿ ನಿಂತಿತು.

"ಯವ್ವಾ... ಬರೇ ಎಲುಬು."

"ಹೂಂ, ಆಯಿ."

"ಇದನ್ನ ನಾ ಕೊಲ್ಲಾಕತ್ತಿದ್ನೇನು?"

"ನೀ ಒಬ್ಬಾಕಿನ ಅಲ್ಲ. ನಾನೂ ನೋಡಲಿಲ್ಲಲ್ಲ."

ಆಯಿ ಸೆರಗು ಬಿಚ್ಚಿ ಮೂರು ಹುಳುಗಳನ್ನು ನೋಡಿದಳು. ಬಟ್ಟಲಿಗೆ ತಿರುಗಿ ಹಾಕಲು ಕೈ ಬರಲಿಲ್ಲ. ಕುಂಡದ ಕಡೆ ಒಯ್ಯಲು ಕಾಲೂ ಬರಲಿಲ್ಲ. ಸುವ್ರತಾ ತಾನೇ ಸೆರಗಿನಿಂದ ಒಂದನ್ನು ಚಿಮಟದಲ್ಲಿ ಹಿಡಿದು ನನ್ನ ಬಾಯ ಮುಂದೆ ತಂದಳು. ಈ ಸಲ ಮುಖ ತಿರುಗಿಸಲಿಲ್ಲ. ಆಯಿ ಗೋಡೆಗೆ ಮುಖ ಮಾಡಿ ಣಮೋಕಾರ ಮಂತ್ರ ಹೇಳತೊಡಗಿದಳು. ನಾನು ತಿಂದೆ.

ತೂಕ ಒಮ್ಮೆಗೇ ಏರಲಿಲ್ಲ. ಮೂವತ್ತೇಳರಲ್ಲೇ ಎರಡು ವಾರ ಕುಂಟಿ, ಆಮೇಲೆ ಮೂವತ್ತೊಂಬತ್ತು, ನಾಲ್ವತ್ಮೂರು. ಐವತ್ತು ದಾಟಿದ ದಿನ ಆಯಿ ಕನ್ನಡಕ ಹಾಕಿಕೊಂಡು ಅಂಕಿಯನ್ನು ತಾನೇ ಓದಿ, ನಕ್ಕು, ಕೂಡಲೇ ನಕ್ಕದ್ದಕ್ಕೆ ಸಂಕೋಚಪಟ್ಟಳು. ಐವತ್ತೆಂಟಾದಾಗ ಶಕೀಲಾ ಡಾಕ್ಟರು, "ಸಾಕು. ಇನ್ನ ದಿನಾ ಹಾಕಬ್ಯಾಡ್ರಿ, ಕೊಬ್ಬು ಹೆಚ್ಚಾದ್ರೂ ರೋಗನ. ದಿನ ಬಿಟ್ಟು ದಿನ ಹಾಕ್ರಿ," ಎಂದರು.

ಆಯಿಯ ಮುಖ ಅರಳಿತು. "ಅಷ್ಟಮಿ, ಚತುರ್ದಶಿ ಪೂರಾ ಬಿಟ್ರ ನಡೀತೈತೇನ್ರಿ ಡಾಕ್ಟರಬಾಯಿ?"

"ನಡೀತೈತ್ರಿ. ನನ್ನ ರೋಗಿಗಳೊಳಗ ಉಪವಾಸ ಹಿಡಿದ ಹಲ್ಲಿ ಇದೊಂದ."

ಅಂದಿನಿಂದ ಆಯಿ ಉಪವಾಸವಿದ್ದ ದಿನ ನನಗೂ ಉಪವಾಸ. ಈ ಹಸಿವು ಬೇರೆ. ಮರುದಿನ ಉಣ್ಣುತ್ತೇನೆಂದು ಗೊತ್ತಿರುವ ಹಸಿವು.

ಈಗ ನನಗೆ ಹದಿನಾಲ್ಕು ವರ್ಷ. ಕಣ್ಣು ಮಂಜಾಗಿದೆ. ಹುಳು ಎದುರಿಗಿದ್ದರೂ ಎರಡು ಸಲ ಗುರಿ ತಪ್ಪುತ್ತೇನೆ. ಸುವ್ರತಾ ಈಗಲೂ ಡೈರಿ ಬರೆಯುತ್ತಾಳೆ, ನನ್ನ ಗಾಜಿನ ಮನೆಯ ಪಕ್ಕದಲ್ಲೇ ಕುಳಿತು. ಆಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಬಟ್ಟಲಿಗೆ ಎಂದೂ ಹುಳು ಹಾಕಿದವಳಲ್ಲ, ಒಂದು ಸಂಜೆಯ ಹೊರತು.

ಅಂದು ಸುವ್ರತಾ ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಆಯಿ ಬಂದಳು. ಚಮಚದಲ್ಲಿ ಒಂದೇ ಒಂದು ಹುಳು. ಬಟ್ಟಲಿಗೆ ಅದನ್ನು ಇಳಿಸಿ, ನೆಲಕ್ಕೆ ಕೈಯೂರಿ, ನನ್ನೆದುರೇ ಕುಳಿತಳು. ಗೋಡೆಯ ಕಡೆ ತಿರುಗಲಿಲ್ಲ.

"ಪಾಪ ನನಗಿರಲಿ," ಎಂದಳು. "ನೀ ಉಣ್ಣು."

ನಾನು ಪೊರೆ ಬಿಡುವ ದಿನ ಅದು. ಅಂಥ ದಿನ ನಮಗೆ ಹಸಿವಾಗುವುದಿಲ್ಲ, ಬಾಯಿಗೆ ಏನೂ ಸೇರುವುದಿಲ್ಲ.

ಆದರೂ ತಿಂದೆ.