ಬಾಟಲಿಗೆ ಹಾಕದ ಪುಡಿ

ಪ್ರಯೋಗಾಲಯದ ರಿಪೋರ್ಟ್ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ನೀರಿನಲ್ಲಿ ಕೀಟನಾಶಕದ ಅಂಶ ಸೊನ್ನೆ. ಭಾವ ಆ ಹಾಳೆಯನ್ನು ಮೂರು ಸಲ ಓದಿ, ಸಾಲದೆಂದು ನಾದಿನಿಯಾದ ಅವಳ ಕೈಲೂ ಒಂದು ಸಲ ಓದಿಸಿದರು. ಆರು ವರ್ಷ ಒಂದು ಯಂತ್ರದ ಬೆನ್ನು ಹತ್ತಿ ತಲೆಗೂದಲು ಉದುರಿಸಿಕೊಂಡ ಮನುಷ್ಯ. ನಿನ್ನ ಭಾವನಿಗೆ ಇಬ್ಬರು ಹೆಂಡಿರು, ಒಬ್ಬಳು ಬರೀ ಕರೆಂಟು ಕುಡಿಯುತ್ತಾಳೆ ಎಂದು ಅಕ್ಕ ಆಡಿಕೊಳ್ಳುವುದಿತ್ತು.

ಹಳೆಯ ಗೋದಾಮಿನ ಕೀಟನಾಶಕ ನೆಲಕ್ಕಿಳಿದು ಆ ಬೀದಿಯ ಬಾವಿ ಕೆಟ್ಟು ಮೂರು ವರ್ಷವಾಗಿತ್ತು. ಅಂದಿನಿಂದ ಟ್ಯಾಂಕರ್ ನೀರೇ ಗತಿ. ಬಾವಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಭಾವನ ಯಂತ್ರ ಇತ್ತು. ಗಾಜಿನ ಕೊಳವೆಯಲ್ಲಿ ನೀರು ತೆಳ್ಳಗೆ ಇಳಿಯುತ್ತದೆ, ಅದರ ಮೇಲೆ ನೇರಳೆ ಬಣ್ಣದ ಪುಟ್ಟ ಮಿಂಚುಗಳು ಚಟಚಟ ಹೊಡೆಯುತ್ತವೆ. ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಅದು ವಿಷವನ್ನು ಚೂರುಚೂರು ಮಾಡುತ್ತದೆ. ಇವತ್ತು ಹತ್ತು ಗಂಟೆಗೆ ನಲ್ಲಿ ತೆರೆಯುವುದೆಂದು ಸಾರಿಯಾಗಿತ್ತು, ಬೀದಿಯವರು ಆಗಲೇ ಕೊಡ ಹಿಡಿದು ಸಾಲು ನಿಂತಿದ್ದರು.

ಯಂತ್ರ ನಡೆಸುವುದು, ನೀರಿನ ಸ್ಯಾಂಪಲ್ ತೆಗೆಯುವುದು ಅವಳ ಕೆಲಸ. ತೊಳೆದ ಬಾಟಲಿಗಳನ್ನು ಕಪಾಟಿನಲ್ಲಿಡಲು ಹೋದವಳ ಕಣ್ಣಿಗೆ ಬಿಳಿ ಪುಡಿಯ ಹೊಸ ಡಬ್ಬಿ ಬಿತ್ತು. ಹಳೆಯದು ಮೊನ್ನೆಯೇ ಮುಗಿದಿತ್ತು. ಹೊಸದರ ಸೀಲು ಇನ್ನೂ ಒಡೆದಿರಲಿಲ್ಲ.

ಮಿಂಚು ನಿಂತರೂ ಅದರ ಕೆಲಸ ನಿಲ್ಲುವುದಿಲ್ಲ. ಅದು ನೀರಿನಲ್ಲಿ ಹುಟ್ಟಿಸಿದ ರಾಸಾಯನಿಕ ಗಂಟೆಗಟ್ಟಲೆ ವಿಷವನ್ನು ತಿನ್ನುತ್ತಲೇ ಇರುತ್ತದೆ. ಅದನ್ನು ಅಲ್ಲಿಗೇ ನಿಲ್ಲಿಸಲು ಸ್ಯಾಂಪಲ್ ಬಾಟಲಿಗೆ ಕೂಡಲೇ ಒಂದು ಚಮಚ ಪುಡಿ ಹಾಕಬೇಕು. ನಿನ್ನೆ ಅವಳು ಹಾಕಿರಲಿಲ್ಲ. ಸೊನ್ನೆ ಬಂದದ್ದು ರಾತ್ರಿಯಿಡೀ ಬಾಟಲಿಯಲ್ಲಿ ಕೂತ ನೀರಿಗೆ. ಆಗಷ್ಟೇ ನಲ್ಲಿಯಿಂದ ಬೀಳುವ ನೀರಿನಲ್ಲಿ ಎಷ್ಟು ವಿಷ ಉಳಿದಿದೆಯೋ ದೇವರೇ ಬಲ್ಲ.

ಹೇಳಿಬಿಡೋಣ ಎಂದು ಹೊರಗೆ ಬಂದಳು. ಭಾವ ನೀರಿನ ಇಲಾಖೆಯ ಅಧಿಕಾರಿಯ ಜೊತೆ ನಿಂತಿದ್ದರು. ಅವಳನ್ನು ಕಂಡವರೇ ಹತ್ತಿರ ಕರೆದು, "ಸ್ಯಾಂಪಲ್ ಎಲ್ಲ ತೆಗೆಯೋದು ನಮ್ಮ ನಾದಿನಿ. ನಾನು ನನ್ನ ಕೈಯನ್ನೂ ನಂಬಲ್ಲ, ಇವಳ ಕೈ ನಂಬ್ತೀನಿ," ಎಂದರು. ಅಷ್ಟಕ್ಕೇ ಅವಳ ಬಾಯಿ ಕಟ್ಟಿಹೋಯಿತು. ಹೊಗಳಿಕೆಯಷ್ಟು ಚೆನ್ನಾಗಿ ಬಾಯಿ ಮುಚ್ಚಿಸುವ ಬೈಗುಳ ಇನ್ನೂ ಹುಟ್ಟಿಲ್ಲ.

ಅವಳು ಒಳಗೆ ಹೋಗಿ ಒರೆಸಿದ್ದ ಯಂತ್ರದ ಮೀಟರನ್ನೇ ಮತ್ತೆ ಒರೆಸಿದಳು. ಚೂರುಪಾರು ಉಳಿದಿದ್ದರೆ ಏನಾಗುತ್ತದೆ ಎಂದುಕೊಂಡಳು. ಒಂದು ಲೋಟ ಕುಡಿದವರಿಗೆ ಏನೂ ಆಗಲಿಕ್ಕಿಲ್ಲ, ಆದರೆ ಈ ಬೀದಿ ದಿನಾ ಕುಡಿಯುತ್ತದೆ ಎಂದೂ ಅವಳಿಗೆ ಗೊತ್ತಿತ್ತು. ನಾಲ್ಕು ಸಲ ಬಾಗಿಲವರೆಗೆ ಹೋಗಿ ನಾಲ್ಕು ಸಲವೂ ತಿರುಗಿದಳು. ಹೇಡಿ ಎಂದು ತನ್ನನ್ನೇ ಬೈದುಕೊಂಡಳು, ಬೈಗುಳದಿಂದ ಧೈರ್ಯವೇನೂ ಬರಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಭಾವ ಎಲ್ಲರೆದುರು ಒಂದು ಲೋಟ ನೀರು ಹಿಡಿದು ಬಾಯಿಗೆ ಒಯ್ದರು. ಅವಳು ಓಡಿ ಬಂದು ಅವರ ಮೊಣಕೈ ಹಿಡಿದಳು.

"ಕುಡೀಬೇಡಿ ಭಾವ. ನಿನ್ನೆ ಬಾಟಲಿಗೆ ನಾನು ಪುಡಿ ಹಾಕಿಲ್ಲ."

ಅದರ ಅರ್ಥ ಅಲ್ಲಿ ಇನ್ನಾರಿಗೂ ತಿಳಿಯಲಿಲ್ಲ. ಭಾವ ಬೈಯಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟರು, ನಲ್ಲಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದರು. ಒಂಬತ್ತೂ ಕಾಲಿಗೆ ಎಂದಳು.

ಭಾವ ಮನೆಯ ದಿಕ್ಕಿಗೆ ತಿರುಗಿದರು. "ಒಂಬತ್ತೂವರೆಗೆ ಒಂದು ಕ್ಯಾನ್ ಮನೆಗೆ ಕಳಿಸ್ದೆ," ಎಂದರು. "ನಮ್ಮ ಪಾಪುಗೆ ಹಾಲಿನ ಪುಡಿ ಕಲಸೋಕೆ."

ಅವಳೇ ಫೋನ್ ಮಾಡಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಅಕ್ಕ ಎತ್ತಿದಳು, ಇವಳಿಗೆ ಬಾಯಿ ತೆರೆಯಲೂ ಬಿಡದೆ ಪಿಸುಗುಟ್ಟಿದಳು.

"ಮೆಲ್ಲಗೆ ಮಾತಾಡೇ, ಪಾಪು ಈಗಷ್ಟೇ ಮಲಗ್ತು. ಟ್ಯಾಂಕರ್ ನೀರಲ್ಲಿ ಕಲಸಿದ್ರೆ ಅರ್ಧ ಹಂಗೇ ಬಿಡ್ತಿತ್ತು. ಇವತ್ತು ಒಂದು ಹನಿ ಬಿಟ್ಟಿಲ್ಲ ಕಣೇ."