ಬಸಿದು ಚೆಲ್ಲಿದ ನೀರು

ಮಂಠಾಳದಲ್ಲಿ ಬಸುರಿಯರ ವಾಂತಿ, ಸುಸ್ತು, ಸಿಡಿಮಿಡಿ ಎಲ್ಲಕ್ಕೂ ಕಮಳಾಬಾಯಿಯ ನೆಲ್ಲಿಕಾಯಿ ಮುರಬ್ಬವೇ ಮದ್ದು. ಆಕೆ ಊರಿನ ಆಶಾ ಕಾರ್ಯಕರ್ತೆ. ಸರ್ಕಾರ ಕೊಡುವುದು ಬರೀ ಕಬ್ಬಿಣದ ಗುಳಿಗೆ; ಜೊತೆಗೆ ಮುರಬ್ಬದ ತುಂಡು ಕೊಡುವುದು ಆಕೆಯ ಸ್ವಂತ ಕಾಯಿದೆ. ಸಿ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ ಎಂದು ಬಸವಕಲ್ಯಾಣದ ತರಬೇತಿಯಲ್ಲಿ ಹೇಳಿದ್ದರು. ಉಳಿದವರು ಆ ಮಾತನ್ನು ಅಲ್ಲೇ ಬಿಟ್ಟು ಚಹಾ ಕುಡಿದು ಬಂದರು. ಕಮಳಾಬಾಯಿ ಮನೆಗೆ ಹೊತ್ತು ತಂದಳು.

ಆ ಮುರಬ್ಬಕ್ಕೆ ಇನ್ನೊಂದು ಮಹಿಮೆಯೂ ಇತ್ತು. ಕಮಳಾಬಾಯಿಯನ್ನು ಹೊಸ್ತಿಲಿನಾಚೆ ನಿಲ್ಲಿಸಿ ಮಾತಾಡಿಸುವ ಮನೆಗಳಲ್ಲೂ ಅದು ಸಲೀಸಾಗಿ ಒಳಗೆ ಹೋಗುತ್ತಿತ್ತು. ಪಾರ್ವತಿಬಾಯಿಯ ದೊಡ್ಡ ಮನೆ ಅಂಥದ್ದು. ಜಾತಿ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಕಟ್ಟೆಯ ಮೇಲೆ ಬೇರೆ ಚಾಪೆ ಹಾಸುತ್ತಿದ್ದರು, ಅಷ್ಟೇ. ಆ ಮನೆಯ ಬಸುರಿ ಸೊಸೆ ದೀಪಾಲಿಗೆ ರಕ್ತ ತೀರ ಕಡಿಮೆ ಇತ್ತು. ನಿನ್ನ ಮುರಬ್ಬದ ಮೇಲೇ ಭರೋಸಾ ಇಟ್ಟಿದ್ದೇವೆ ಎಂದು ಪಾರ್ವತಿಬಾಯಿ ಹೇಳಿದ ದಿನ ಕಮಳಾಬಾಯಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಇಂಥ ತಾಯಿಯ ಮಗಳು ಸರಿತಾ. ಹುಮನಾಬಾದಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಸಿ ಜೀವಸತ್ವ ಅಳೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವೊಂದನ್ನು ಕಟ್ಟಿದ್ದಾಳೆ. ಅದು ಸುಲಭದ ಕೆಲಸವಲ್ಲ. ಸಿ ಜೀವಸತ್ವದ ಹತ್ತಿರ ಎಲೆಕ್ಟ್ರಾನುಗಳಿವೆ, ಕೊಡುವ ಮನಸ್ಸೂ ಇದೆ. ಆದರೆ ಯಂತ್ರದ ಬೋಳು ಇಂಗಾಲದ ಕಡ್ಡಿಗೆ ನೇರವಾಗಿ ಕೊಡಲು ಮಹಾ ಬಿಗುಮಾನ. ವೋಲ್ಟೇಜ್ ಏರಿಸಿ ಜುಲುಮೆ ಮಾಡಿದರೆ ಹಣ್ಣಿನೊಳಗಿನ ಬೇರೆ ಪದಾರ್ಥಗಳೂ ನಡುವೆ ಬಾಯಿ ಹಾಕಿ ಲೆಕ್ಕ ಕೆಡಿಸುತ್ತವೆ. ಅದಕ್ಕೇ ಸರಿತಾ ಕಡ್ಡಿಯ ತುದಿಗೆ ಫೆರೋಸೀನ್ ಎಂಬ ಕಿತ್ತಳೆ ಬಣ್ಣದ ಮಧ್ಯಸ್ಥನನ್ನು ಲೇಪಿಸುತ್ತಾಳೆ. ದನದ ಸಂತೆಯ ದಲಾಲಿ ಇದ್ದ ಹಾಗೆ ಅದು. ಎಮ್ಮೆಯೂ ಅವನದಲ್ಲ, ದುಡ್ಡೂ ಅವನದಲ್ಲ. ಈ ಕೈಯಿಂದ ಇಸಿದುಕೊಂಡು ಆ ಕೈಗೆ ದಾಟಿಸುತ್ತಾನೆ. ಹಾಗೆ ದಾಟಿದ ಕರೆಂಟು ಎಷ್ಟಿದೆ ಎಂದು ನೋಡಿ ಜೀವಸತ್ವ ಎಷ್ಟಿದೆ ಎಂದು ಹೇಳಬಹುದು.

ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ತಾಯಿಯ ಹೆಸರು ಹಾಕಿ ಮುರಬ್ಬವನ್ನೇ ಅಳೆದು ತೋರಿಸಬೇಕೆಂದು ಸರಿತಾಳಿಗೆ ಆಸೆ. ಒಂದು ತುಂಡು ಅರೆದು ಕಡ್ಡಿ ಅದ್ದಿದಳು. ಅಂಕಿ ಮೇಲೇಳಲೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸರಿತಾ ಮಾತ್ರ ನೆಲವನ್ನು ಬಿಟ್ಟು ತನ್ನ ಕುಣಿತವನ್ನೇ ಬೈದುಕೊಂಡಳು. ಲೇಪ ತೊಳೆದುಹೋಗಿರಬೇಕೆಂದು ಹೊಸದಾಗಿ ಹಚ್ಚಿದಳು. ನಿಂಬೆರಸದಲ್ಲಿ ಅದ್ದಿದರೆ ಅಂಕಿ ಜಿಗಿಯಿತು. ಮುರಬ್ಬಕ್ಕೆ ಬಂದರೆ ಮತ್ತೆ ಮಲಗಿತು.

ಭಾನುವಾರ ಯಂತ್ರ ಹಿಡಿದು ಊರಿಗೆ ಬಂದಾಗ ಕಮಳಾಬಾಯಿ ಒಲೆಯ ಮುಂದೆಯೇ ಇದ್ದಳು. ಚುಚ್ಚಿದ ನೆಲ್ಲಿಕಾಯಿಗಳನ್ನು ಕುದಿಸಿ ನೀರು ಬಸಿದಳು. ಮತ್ತೆ ಕುದಿಸಿ ಮತ್ತೆ ಬಸಿದಳು. ಇನ್ನು ರಾತ್ರಿಯಿಡೀ ಸುಣ್ಣದ ತಿಳಿನೀರಿನಲ್ಲಿ ನೆನೆಯಬೇಕು, ಆಮೇಲೆ ಸಕ್ಕರೆ ಪಾಕ. ಹುಳಿ, ಒಗರು ಚೂರೂ ಉಳಿಯಬಾರದು, ಬಸುರಿಯರ ನಾಲಿಗೆಗೆ ಹಿತವಾಗಬೇಕು ಎಂಬುದು ಆಕೆಯ ಹಟ. ಬಸಿದ ನೀರನ್ನು ನುಗ್ಗೆಮರದ ಬುಡಕ್ಕೆ ಸುರಿಯಲು ಹೊರಟವಳನ್ನು ಸರಿತಾ ತಡೆದಳು. ನೀರು ಆರಿದ ಮೇಲೆ ಕಡ್ಡಿ ಅದ್ದಿದಳು. ಅಂಕಿ ಸರಸರನೆ ಏರಿತು. ನುಗ್ಗೆಮರ ಯಾಕೆ ಅಷ್ಟು ಸೊಂಪಾಗಿದೆಯೋ ದೇವರೇ ಬಲ್ಲ.

ಕಾಯಿಯ ಜೀವಸತ್ವವೆಲ್ಲ ಬಸಿದ ನೀರಿನಲ್ಲೇ ಹೊರಟುಹೋಗುತ್ತಿದೆ ಎಂದು ಸರಿತಾ ಬಿಡಿಸಿ ಹೇಳಿದಳು. ಕಮಳಾಬಾಯಿ ಪಾತ್ರೆ ಕೆಳಗಿಟ್ಟಳು.

"ಅಂದ್ರ ಇಷ್ಟ್ ವರ್ಷ ಅವರಿಗಿ ನಾ ಬರೀ ಸಕ್ಕರಿ ತಿನಿಸೀನಿ?"

ಸರಿತಾ ಕಡ್ಡಿಯನ್ನು ನೀರಿನಿಂದ ತೆಗೆದು ಒರೆಸಿದಳು. ನಾಳೆಯಿಂದ ಸುಮ್ಮನೆ ಹಸಿ ನೆಲ್ಲಿಕಾಯಿ ಕೊಟ್ಟರಾಯಿತು, ಯಾರಿಗೂ ಹೇಳುವುದು ಬೇಡ ಎಂದಳು. ಈ ಮಾತು ಹೊರಬಿದ್ದರೆ ಆ ಮನೆಗಳ ಕಟ್ಟೆಯೂ ತಾಯಿಗೆ ದಕ್ಕುವುದಿಲ್ಲವೆಂದು ಅವಳಿಗೆ ಹೆದರಿಕೆ.

"ಭರೋಸಾ ಇಟ್ಟೇವಿ ಅಂದಾರ ಅವರು. ಮುಚ್ಚಿಟ್ರ ಹ್ಯಾಂಗ?" ಎಂದು ಕಮಳಾಬಾಯಿ ಹಸಿ ನೆಲ್ಲಿಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟಳು. ಸರಿತಾ ಯಂತ್ರ ಹಿಡಿದು ಹಿಂದೆ ಓಡಿದಳು.

ಕಟ್ಟೆಯ ಮೇಲೆ ಚಾಪೆ ಹಾಸಿತ್ತು. ಕಮಳಾಬಾಯಿ ಕೂರಲಿಲ್ಲ. ಕೆಳಗೆ ನಿಂತೇ ತನ್ನ ತಪ್ಪನ್ನು ಒಂದೂ ಬಿಡದೆ ಹೇಳಿದಳು. ಪಾರ್ವತಿಬಾಯಿಯ ಮುಖ ಗಂಟಾಯಿತು. ಇಷ್ಟು ದಿನ ಔಷಧವೆಂದು ಮಿಠಾಯಿ ಕೊಟ್ಟೆಯಾ ಎಂದು ಕೇಳಿದಳು. ಕಮಳಾಬಾಯಿ ತಲೆ ತಗ್ಗಿಸಿದಳು.

ಬಾಗಿಲ ಹಿಂದಿನಿಂದ ದೀಪಾಲಿ ಬಂದಳು. "ಅತ್ತಿ, ಮೊದಲ ದವಾಖಾನ್ಯಾಗ ಕೊಟ್ಟ ಗುಳಿಗಿ ಎಲ್ಲಾ ನಾ ಬಚ್ಚಲಕ್ಕ ಹಾಕತಿದ್ದೆ, ನಿಮಗ ಹೇಳಿರಲಿಲ್ಲ. ಈ ಮುರಬ್ಬದ ಆಸೀಗೇ ನುಂಗಾಕತ್ತೀನಿ. ಅದಕ್ಕೇ ರಕ್ತ ಏರ್ಯಾದ."

ಸರಿತಾಳಿಗೆ ತನ್ನ ಕಿತ್ತಳೆ ಬಣ್ಣದ ದಲಾಲಿ ನೆನಪಾಯಿತು. ತನ್ನದೇನೂ ಇಲ್ಲದ ಮುರಬ್ಬವೂ ಗುಳಿಗೆಯನ್ನು ದೀಪಾಲಿಯ ಗಂಟಲು ದಾಟಿಸಿತ್ತು.

ಪಾರ್ವತಿಬಾಯಿ ಒಳಗೆ ಹೋದಳು. ಎಲ್ಲ ಮುಗಿಯಿತೆಂದು ಕಮಳಾಬಾಯಿ ಸೆರಗಿನ ಗಂಟು ಬಿಚ್ಚಿ ನೆಲ್ಲಿಕಾಯಿಗಳನ್ನು ಕಟ್ಟೆಯ ಮೇಲೆ ಸುರಿಯಲು ಬಾಗಿದಳು. ಅಷ್ಟರಲ್ಲಿ ಪಾರ್ವತಿಬಾಯಿ ಈಳಿಗೆ ಹಿಡಿದು ತಿರುಗಿ ಬಂದಳು. ಅದನ್ನು ಕಟ್ಟೆಯ ಮೇಲಲ್ಲ, ಹೊಸ್ತಿಲಿನ ಒಳಗೆ, ನಡುಮನೆಯ ನೆಲದ ಮೇಲೆ ಇಟ್ಟಳು.

"ಹಸೀದು ಹ್ಯಾಂಗ ಹೆಚ್ಚಬೇಕು, ಒಳಗ ಬಂದು ತೋರಸು."

ಕಮಳಾಬಾಯಿ ಮಗಳ ಮುಖ ನೋಡಿದಳು. ಚಪ್ಪಲಿ ಬಿಟ್ಟಳು. ಹೊಸ್ತಿಲ ಹತ್ತಿರ ಅವಳ ಕಾಲು ಒಂದು ಗಳಿಗೆ ತಡೆಯಿತು, ಆಮೇಲೆ ದಾಟಿತು.

ಯಂತ್ರದ ವಿಚಾರ ಯಾರೂ ಕೇಳಲಿಲ್ಲ. ಸರಿತಾ ಅದನ್ನು ಚಾಪೆಯ ಮೇಲಿಟ್ಟು ತಾನೂ ಒಳಗೆ ಹೋದಳು.